ಸುನ್ ವುಕೋಂಗ್‌ನ ಎದುರಿಗೆ ಇನ್ನೊಬ್ಬ ಸುನ್ ವುಕೋಂಗ್

[ದೃಶ್ಯ: ಕಾಡುದಾರಿ. ಕುದುರೆಯ ಮೇಲೆ ಭಿಕ್ಷು, ಮುಂದೆ ಕೋತಿ]

ನಮಸ್ಕಾರ. ಚೀನಾದ ‘ಪಶ್ಚಿಮಯಾತ್ರೆ’ ಕಾದಂಬರಿಯ 14ನೇ ಅಧ್ಯಾಯದಲ್ಲಿ, ಬೌದ್ಧ ಸೂತ್ರಗಳನ್ನು ತರಲು ಭಾರತದತ್ತ ಹೊರಟ ಭಿಕ್ಷು ಮತ್ತು ಅವನ ಶಿಷ್ಯನಾದ ಕೋತಿಯ ದಾರಿಗೆ ಆರು ಮಂದಿ ದರೋಡೆಕೋರರು ಅಡ್ಡ ನಿಲ್ಲುತ್ತಾರೆ. ಅವರ ಹೆಸರು ಕೇಳಿ: ಕಣ್ಣು ಕಂಡು ಹಿಗ್ಗುವವ, ಕಿವಿ ಕೇಳಿ ಕೆರಳುವವ, ಮೂಗು ಮೂಸಿ ಮೋಹಿಸುವವ, ನಾಲಗೆ ಸವಿದು ಹಂಬಲಿಸುವವ, ಮನಸ್ಸು ಕಂಡದ್ದನ್ನು ಬಯಸುವವ, ದೇಹದಲ್ಲೇ ಕೊರಗುವವ. ‘ನಿಮ್ಮ ಯಜಮಾನ ನಾನೇ’ ಎಂದ ಕೋತಿ ಸುನ್ ವುಕೋಂಗ್ ಆರೂ ಜನರನ್ನು ಬಡಿದು ಕೊಲ್ಲುತ್ತಾನೆ. ಗುರು ಗದರಿದ್ದೇ ತಡ, ಸಿಟ್ಟು ನೆತ್ತಿಗೇರಿ ಹಾರಿಹೋಗುತ್ತಾನೆ. ಕೆರಳುವವನು ಸತ್ತಿದ್ದರೆ ಈ ಸಿಟ್ಟು ಬಂದದ್ದೆಲ್ಲಿಂದ?

ಆ ಗುರುವಿನ ಮೂಲ ಇತಿಹಾಸದ ಷ್ವಾನ್‌ಜಾಂಗ್. ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್ ಎಂದೇ ನಾವು ಶಾಲೆಯಲ್ಲಿ ಓದಿದವರು. ನಾಲಂದದಲ್ಲಿ ಆಚಾರ್ಯ ಶೀಲಭದ್ರರ ಬಳಿ ಬೌದ್ಧರ ವಿಜ್ಞಾನವಾದ ಕಲಿತು, 645ರಲ್ಲಿ ಚೀನಾಕ್ಕೆ ಮರಳಿ, ಬೌದ್ಧ ತತ್ತ್ವಜ್ಞಾನಿ ವಸುಬಂಧುವಿನ ‘ತ್ರಿಂಶಿಕಾ’ಕ್ಕೆ 659ರಲ್ಲಿ ದೊಡ್ಡ ವ್ಯಾಖ್ಯಾನಗ್ರಂಥವೊಂದನ್ನು ಸಿದ್ಧಪಡಿಸಿದರು. ಅದರ ಪ್ರಕಾರ ವಿಜ್ಞಾನಗಳು, ಅಂದರೆ ಅರಿವಿನ ಬಗೆಗಳು, ಎಂಟು. ಐದು ಇಂದ್ರಿಯಗಳವು, ಆರನೆಯದು ಅವನ್ನು ಗ್ರಹಿಸಿ ವಿಚಾರ ಮಾಡುವ ಮನೋವಿಜ್ಞಾನ, ಎಂಟನೆಯದು ಕರ್ಮದ ಬೀಜಗಳನ್ನೆಲ್ಲ ಹಿಡಿದಿಟ್ಟ ಆಲಯವಿಜ್ಞಾನ. ನಡುವಿನ ಏಳನೆಯದಕ್ಕೆ ಒಂದೇ ಕಸುಬು: ಆಲಯವನ್ನು ನೋಡುತ್ತಾ ‘ಇದೇ ನಾನು’ ಎನ್ನುವುದು.

1592ರಲ್ಲಿ ಅಚ್ಚಾದ ಈ ಕಾದಂಬರಿಯಲ್ಲಿ ಚೀನಾದ ದಾವೋ ಧರ್ಮದ ರಸವಿದ್ಯೆಯೂ ಚಾನ್ (ಜಪಾನಿನಲ್ಲಿ ಝೆನ್ ಎನಿಸಿದ) ಬೌದ್ಧ ಪಂಥದ ಮಾತೂ ಬೆರೆತಿವೆ. ಹಾಗಾಗಿ ಒಂದೊಂದು ಪಾತ್ರಕ್ಕೆ ಒಂದೊಂದು ವಿಜ್ಞಾನದ ಚೀಟಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ 56ನೇ ಅಧ್ಯಾಯಕ್ಕೆ ಬಂದಾಗ ಆ ಏಳನೆಯದು ನೆನಪಾಗದೆ ಇರದು.

[ದೃಶ್ಯ: ಎದುರುಬದುರು ನಿಂತ ಎರಡು ಕೋತಿಗಳು]

ವುಕೋಂಗ್ ಮತ್ತೆ ದರೋಡೆಕೋರರನ್ನು ಕೊಲ್ಲುತ್ತಾನೆ, ಗುರು ಅವನನ್ನು ಅಟ್ಟುತ್ತಾನೆ. ಆಗ ಪ್ರತ್ಯಕ್ಷನಾಗುವವನೇ ಆರು ಕಿವಿಯ ಕೋತಿ: ಅದೇ ಮುಖ, ಅದೇ ದಂಡ, ತಲೆಗೆ ಅದೇ ಚಿನ್ನದ ಪಟ್ಟಿ. ವುಕೋಂಗ್‌ನನ್ನು ಹದ್ದಿನಲ್ಲಿಡಲು ತೊಡಿಸಿದ ಪಟ್ಟಿ ಅದು; ಗುರು ಮಂತ್ರ ಹೇಳಿದರೆ ಬಿಗಿಯುತ್ತದೆ. ಈಗ ಮಂತ್ರ ಹೇಳಿದರೆ ಇಬ್ಬರಿಗೂ ತಲೆನೋವು. ಈ ನಕಲಿಯ ಆಸೆಯೇನು? ಗುರುವಿನ, ಜೊತೆಗಾರರ, ಕುದುರೆಯ ನಕಲುಗಳನ್ನೂ ಮಾಡಿಕೊಂಡು, ಸೂತ್ರಗಳನ್ನು ತಾನೊಬ್ಬನೇ ತಂದು, ತಲೆತಲಾಂತರಕ್ಕೂ ತನ್ನ ಹೆಸರು ಉಳಿಸಿಕೊಳ್ಳುವುದು. ಧರ್ಮದ ಕೆಲಸದಲ್ಲೇ ಅಡಗಿ ಕುಳಿತ ಈ ‘ನಾನು’ವನ್ನು ಸ್ವರ್ಗದ ಮಾಯಾಕನ್ನಡಿಯೂ ಬೇರ್ಪಡಿಸಲಾರದು. ಕಡೆಗೆ ಗುರುತಿಸುವವನು ಬುದ್ಧ. ಇಬ್ಬರೂ ಬರುವುದನ್ನು ಕಂಡು ಸಭೆಗೆ ಆತ ಹೇಳುವುದು, ‘ಎರಡು ಮನಸ್ಸುಗಳು ಜಗಳವಾಡುತ್ತಾ ಬರುತ್ತಿವೆ, ನೋಡಿ’ ಎಂದು.

ವುಕೋಂಗ್ ಅವನನ್ನೂ ಕೊಲ್ಲುತ್ತಾನೆ. ಆದರೂ ತಲೆಯ ಪಟ್ಟಿ ಕಳಚುವುದಿಲ್ಲ, ಏಕೆಂದರೆ ವಿಜ್ಞಾನವಾದದಲ್ಲಿ ಏಳನೆಯದನ್ನು ಕೊಲ್ಲುವ ಮಾತೇ ಇಲ್ಲ. ಅದು ಸಮತಾಜ್ಞಾನವಾಗಿ, ಅಂದರೆ ತಾನು-ಪರರೆಂಬ ಭೇದವಿಲ್ಲದ ಅರಿವಾಗಿ, ಮಾರ್ಪಡಬೇಕು. 100ನೇ ಅಧ್ಯಾಯದಲ್ಲಿ, ತಾನೂ ಬುದ್ಧನಾದ ಮೇಲೆ, ಪಟ್ಟಿ ತೆಗೆಸಿ ಪುಡಿಪುಡಿ ಮಾಡುತ್ತೇನೆ ಎಂದು ವುಕೋಂಗ್ ಹೊರಡುತ್ತಾನೆ. ಗುರು ತಲೆ ಮುಟ್ಟಿ ನೋಡು ಎನ್ನುತ್ತಾನೆ. ಪಟ್ಟಿ ಆಗಲೇ ಇರುವುದಿಲ್ಲ.

ಓದಲು ಮನಸ್ಸಾದವರು 56ರಿಂದ 58ರವರೆಗಿನ ಮೂರು ಅಧ್ಯಾಯಗಳನ್ನು ಒಂದೇ ಗುಕ್ಕಿನಲ್ಲಿ ಓದಿ.