ಹಡಗಿನಲ್ಲಿ ಹೈ ವೋಲ್ಟೇಜ್ ಕೆಲಸ

ಕೇಳುಗರೇ, ನಮಸ್ಕಾರ.

ಹಡಗಿನ ಎಲೆಕ್ಟ್ರೀಷಿಯನ್ ಅಂದರೆ ದೀಪ, ಪಂಪು, ಫ್ಯಾನು ನೋಡಿಕೊಳ್ಳುವವರು ಅನ್ನುವ ನಂಬಿಕೆ ಇದೆ. ಆದರೆ ಎಷ್ಟೋ ದೊಡ್ಡ ಹಡಗುಗಳಲ್ಲಿ ಪ್ರೊಪೆಲ್ಲರ್ ತಿರುಗಿಸುವುದೇ ಕರೆಂಟು. ಅಲ್ಲಿ ಹತ್ತು ಮೆಗಾವ್ಯಾಟ್ ಬೇಕು ಅನ್ನಿ. 440 ವೋಲ್ಟಿನಲ್ಲಿ ಕೊಡಲು ಹೋದರೆ ಸುಮಾರು 16,000 ಆಂಪಿಯರ್ ಹರಿಯಬೇಕು. ಅಷ್ಟಕ್ಕೆ ಕೇಬಲ್ ಎಳೆಯಲು ಹಡಗಿನಲ್ಲಿ ಜಾಗವೇ ಸಾಲದು. ಅದೇ 6,600 ವೋಲ್ಟಿಗೆ ಏರಿಸಿದರೆ ಸಾವಿರ ಆಂಪಿಯರ್ ಆಸುಪಾಸು ಸಾಕು. ಹಡಗಿನಲ್ಲಿ 1,000 ವೋಲ್ಟ್ ದಾಟಿದ್ದೆಲ್ಲ ಹೈ ವೋಲ್ಟೇಜ್. 6,600 ಮತ್ತು 11,000 ಜಾಸ್ತಿ ಬಳಕೆಯಲ್ಲಿವೆ.

ಈ ವೋಲ್ಟೇಜಿನಲ್ಲಿ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ತೀರಾ ಹತ್ತಿರ ಹೋದರೂ ಕಿಡಿ ಹಾರಿ ಬರಬಹುದು. ಹಾಗಾಗಿ ಈ ಕೆಲಸದ ದೊಡ್ಡ ಪಾಲು ರಿಪೇರಿ ಅಲ್ಲ. ಕರೆಂಟ್ ಇಲ್ಲ ಎಂದು ಖಚಿತ ಮಾಡಿಕೊಳ್ಳುವುದು. ಮೊದಲು ಬ್ರೇಕರ್, ಅಂದರೆ ಕರೆಂಟ್ ಕಡಿಯುವ ದೊಡ್ಡ ಸ್ವಿಚ್, ಆಫ್ ಮಾಡಿ, ಹೊರಗೆಳೆದು, ಬೀಗ ಹಾಕಿ, ಎಚ್ಚರಿಕೆಯ ಫಲಕ ತೂಗುಹಾಕಬೇಕು. ಆಮೇಲೆ ಟೆಸ್ಟರ್. ಅದನ್ನು ಮೊದಲು ಸರಿಯಾಗಿದೆಯಾ ಎಂದು ಪರೀಕ್ಷಿಸಬೇಕು, ನಂತರ ಮೂರೂ ಫೇಸ್, ಅಂದರೆ ಕರೆಂಟ್ ಹರಿಯುವ ಮೂರೂ ತಂತಿ, ನೋಡಬೇಕು, ಕೊನೆಗೆ ಟೆಸ್ಟರನ್ನೇ ಮತ್ತೆ ಪರೀಕ್ಷಿಸಬೇಕು. ನಡುವೆ ಅದೇ ಕೆಟ್ಟಿದ್ದರೆ ಕರೆಂಟಿದ್ದರೂ ಇಲ್ಲ ಅಂತ ತೋರಿಸುತ್ತದೆ, ಅಲ್ವಾ?

ಅಷ್ಟಾದರೂ ಕೈ ಹಾಕುವಂತಿಲ್ಲ. ಉದ್ದದ ಕೇಬಲ್ ಆಫ್ ಆದ ಮೇಲೂ ಒಳಗೆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಅರ್ಥಿಂಗ್ ಹಾಕಿದ ಮೇಲೆಯೇ, ಅಂದರೆ ಆ ಚಾರ್ಜ್ ಇಳಿಯುವಂತೆ ತಂತಿಯನ್ನು ಹಡಗಿನ ಲೋಹದ ಮೈಗೆ ಜೋಡಿಸಿದ ಮೇಲೆಯೇ, ಕೆಲಸದ ಅನುಮತಿ ಪತ್ರವಾದ ಪರ್ಮಿಟ್‌ಗೆ ಸಹಿ. ಹಡಗು ಹೊರಡಬೇಕು, ಬೇಗ ಮುಗಿಸಿ ಎಂದು ಮೇಲಿನಿಂದ ಒತ್ತಡ ಬರುತ್ತದೆ. ಆಗ ‘ಇನ್ನೂ ಅರ್ಥಿಂಗ್ ಆಗಿಲ್ಲ’ ಎಂದು ಹೇಳಿ ನಿಲ್ಲುವವನೇ ನನ್ನ ಲೆಕ್ಕದಲ್ಲಿ ಒಳ್ಳೆಯ ಕೆಲಸಗಾರ.

2010ರ ಸೆಪ್ಟೆಂಬರ್ 23ರಂದು ಕ್ವೀನ್ ಮೇರಿ 2 ಎಂಬ ಪ್ರಯಾಣಿಕ ಹಡಗು ಸ್ಪೇನಿನ ಬಾರ್ಸಿಲೋನಾ ಬಂದರಿನತ್ತ ಹೋಗುತ್ತಿತ್ತು. ಅದು 11,000 ವೋಲ್ಟಿನ ಹಡಗು. ಬೆಳಗಿನ ಜಾವ, ಕರೆಂಟಿನ ಅಲೆಯ ಏರುಪೇರು ತಗ್ಗಿಸುವ ಹಾರ್ಮೋನಿಕ್ ಫಿಲ್ಟರ್ ಕೋಣೆಯಲ್ಲಿ, ಚಾರ್ಜ್ ಕೂಡಿಡುವ ಒಂದು ಕೆಪಾಸಿಟರ್ ಕೆಟ್ಟು ಸ್ಫೋಟವಾಯಿತು. ಇಡೀ ಹಡಗು ಕತ್ತಲಾಯಿತು, ಪ್ರೊಪೆಲ್ಲರ್‌ಗಳು ನಿಂತವು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಕೆಪಾಸಿಟರ್ ಹಾಳಾಗುತ್ತಿದ್ದರೆ ಎಚ್ಚರಿಸಬೇಕಾದ ಸಾಧನ ಅಲ್ಲೇ ಇತ್ತು. ಆದರೆ ಅದು ವರ್ಷಗಳಿಂದ ಕೆಲಸವೇ ಮಾಡುತ್ತಿರಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ಅಲಾರಂ ಹೊಡೆಯದಿದ್ದರೆ ಎಲ್ಲಾ ಸರಿಯಿದೆ ಎಂದುಕೊಳ್ಳುವುದು ಎಷ್ಟು ಸುಲಭ ನೋಡಿ! ಅಲಾರಮನ್ನೂ ಆಗಾಗ ಪರೀಕ್ಷಿಸಬೇಕು. ಯಾರಿಗೂ ಕಾಣದ, ಬೇಸರ ಹಿಡಿಸುವ ಕೆಲಸ. ಆದರೂ ಬಿಡುವಂತಿಲ್ಲ.

ಬಹಳ ಕಾಲ ಹಡಗಿನ ವಿದ್ಯುತ್ ಅಧಿಕಾರಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ತನ್ನದೇ ಸ್ಥಾನ ಇರಲಿಲ್ಲ. ನಾವಿಕರ ತರಬೇತಿ ಮತ್ತು ಅರ್ಹತೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆದ 2010ರ ಮನಿಲಾ ತಿದ್ದುಪಡಿ ಅದನ್ನು ಕೊಟ್ಟಿತು. 2012ರ ಜನವರಿ 1ರಿಂದ ಅದು ಜಾರಿಗೆ ಬಂತು. ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್, ಅಂದರೆ ಇಟಿಒ, ಹುದ್ದೆಗೆ ಬೇಕಾದ ಅರ್ಹತೆಗಳಲ್ಲಿ ಹೈ ವೋಲ್ಟೇಜ್ ತಿಳಿವಳಿಕೆಯೂ ಸೇರಿತು.

ಈ ಕೆಲಸಕ್ಕೆ ಹೊರಟಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಹಡಗು ಹತ್ತಿದ ಮೇಲೆ ಮೊದಲು ವಿದ್ಯುತ್ ನಕ್ಷೆ ಕೇಳಿ ಪಡೆಯಿರಿ. ಅದನ್ನು ಹಿಡಿದುಕೊಂಡು ಒಂದೊಂದು ಬ್ರೇಕರ್ ಎದುರು ನಿಂತು ಹೋಲಿಸಿ ನೋಡಿ. ನಕ್ಷೆಗೂ ಸ್ವಿಚ್ ಬೋರ್ಡಿಗೂ ವ್ಯತ್ಯಾಸ ಕಂಡರೆ ಆಗಲೇ ಬರೆದು, ಚೀಫ್ ಇಂಜಿನಿಯರ್‌ಗೆ ತಿಳಿಸಿ. ನಮಸ್ಕಾರ.