ಒಂಬತ್ತರಿಂದ ಹನ್ನೆರಡು: ದೇಹ ಮತ್ತು ಮನಸ್ಸು ಒಟ್ಟಿಗೆ ಬದಲಾಗುವ ವಯಸ್ಸು

[ದೃಶ್ಯ: ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದ ಎತ್ತರದ ಗೆರೆಗಳು. ಕೊನೆಯ ಎರಡು ಗೆರೆಗಳ ನಡುವಿನ ಅಂತರ ಹೆಚ್ಚಾಗಿದೆ.]

ನಿರೂಪಣೆ:
ನಮಸ್ಕಾರ. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳ ಬಗ್ಗೆ ತಂದೆತಾಯಿಯರಿಂದ ಸಾಮಾನ್ಯವಾಗಿ ಎರಡು ಬಗೆಯ ದೂರುಗಳು ಕೇಳಿಬರುತ್ತವೆ. ಒಂದು ಸ್ವಭಾವದ ದೂರು: ಮಾತೆತ್ತಿದರೆ ಸಿಡುಕುತ್ತಾನೆ, ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾಳೆ, ಏಕೆ ಅಳುತ್ತಾಳೋ ತಿಳಿಯುವುದಿಲ್ಲ. ಇನ್ನೊಂದು ದೇಹದ ದೂರು: ಬೆಳಿಗ್ಗೆ ಹೊಟ್ಟೆನೋವು, ಸಂಜೆ ಕಾಲುನೋವು, ಎಷ್ಟು ಎಬ್ಬಿಸಿದರೂ ಏಳುವುದಿಲ್ಲ. ಮೊದಲನೆಯದಕ್ಕೆ ಬುದ್ಧಿಮಾತು, ಎರಡನೆಯದಕ್ಕೆ ಮಾತ್ರೆ ಎಂದು ನಾವು ಹಂಚಿಬಿಡುತ್ತೇವೆ. ಈ ವಯಸ್ಸಿನಲ್ಲಿ ಆ ಹಂಚಿಕೆ ಬಹಳ ಸಲ ತಪ್ಪಿಹೋಗುತ್ತದೆ. ಸಿಡುಕಿನ ಹಿಂದೆ ನಿದ್ರೆಯ ಕೊರತೆಯೋ ರಕ್ತಹೀನತೆಯೋ ಇರಬಹುದು. ಹೊಟ್ಟೆನೋವಿನ ಹಿಂದೆ ಯಾರಿಗೂ ಹೇಳಿಕೊಳ್ಳಲಾಗದ ಭಯವಿರಬಹುದು. ಆದ್ದರಿಂದ ದೈಹಿಕ ಆರೋಗ್ಯ, ಮಾನಸಿಕ ಆರೋಗ್ಯ ಎಂದು ಬೇರೆ ಬೇರೆ ಭಾಗ ಮಾಡದೆ, ಒಂದು ಇನ್ನೊಂದರೊಳಗೆ ಹೇಗೆ ಬೆರೆತುಕೊಂಡಿದೆ ಎಂಬುದನ್ನು ಈ ವಿಡಿಯೊದಲ್ಲಿ ನೋಡೋಣ.

[ಚಿತ್ರ: ಮೆದುಳಿನ ಅಡ್ಡಸೀಳಿಕೆ. ಹೈಪೋಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಯನ್ನು ಬಣ್ಣದಿಂದ ಗುರುತಿಸಲಾಗಿದೆ.]

ನಿರೂಪಣೆ:
ಪ್ರಾಯಕ್ಕೆ ಬರುವ ಕ್ರಿಯೆ ಆರಂಭವಾಗುವುದು ಮೆದುಳಿನಲ್ಲಿ. ಅಲ್ಲಿನ ಹೈಪೋಥಲಾಮಸ್ ಬಿಟ್ಟುಬಿಟ್ಟು ಸ್ರವಿಸುವ ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಚುರುಕುಗೊಳಿಸುತ್ತದೆ. ಪಿಟ್ಯುಟರಿಯ ಹಾರ್ಮೋನುಗಳು ಹುಡುಗಿಯರಲ್ಲಿ ಅಂಡಾಶಯವನ್ನೂ ಹುಡುಗರಲ್ಲಿ ವೃಷಣಗಳನ್ನೂ ಕೆಲಸಕ್ಕೆ ಹಚ್ಚುತ್ತವೆ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ಈ ಅಂತರ ಎಷ್ಟು ದೊಡ್ಡದೆಂದರೆ, ಒಂದೇ ಬೆಂಚಿನಲ್ಲಿ ಕೂತ ಹನ್ನೊಂದು ವರ್ಷದ ಇಬ್ಬರಲ್ಲಿ ಒಬ್ಬರ ದೇಹ ಇನ್ನೂ ಪೂರ್ತಿ ಮಗುವಿನದಾಗಿದ್ದು, ಇನ್ನೊಬ್ಬರ ದೇಹ ಅರ್ಧ ದಾರಿ ಕ್ರಮಿಸಿರಬಹುದು, ಮತ್ತು ಇಬ್ಬರೂ ಆರೋಗ್ಯವಾಗಿಯೇ ಇರಬಹುದು. ಹುಡುಗಿಯರಲ್ಲಿ 8 ವರ್ಷಕ್ಕೆ ಮುಂಚೆ ಅಥವಾ ಹುಡುಗರಲ್ಲಿ 9 ವರ್ಷಕ್ಕೆ ಮುಂಚೆ ಬದಲಾವಣೆಗಳು ಕಂಡರೆ, ಇಲ್ಲವೇ ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಯಾವ ಚಿಹ್ನೆಯೂ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು.

ಇಲ್ಲಿ ಗಮನ ತಪ್ಪಿಹೋಗುವ ಒಂದು ವಿಷಯವಿದೆ. ಓರಗೆಯವರಿಗಿಂತ ಬೇಗ ಬೆಳೆದ ಹುಡುಗಿ ನೋಡಲು ಹದಿನಾಲ್ಕರವಳಂತೆ ಕಂಡರೂ ಅವಳ ಯೋಚನೆ, ಆಟ, ಭಯಗಳೆಲ್ಲ ಹತ್ತು ವರ್ಷದವಳವೇ ಆಗಿರುತ್ತವೆ. ಸುತ್ತಲಿನವರು ಅವಳಿಂದ ದೊಡ್ಡವರ ತಿಳಿವಳಿಕೆಯನ್ನು ನಿರೀಕ್ಷಿಸುತ್ತಾರೆ, ಕೆಲವರ ನೋಟವೂ ಬದಲಾಗುತ್ತದೆ. ಹೀಗೆ ಬೇಗ ಪ್ರಾಯಕ್ಕೆ ಬರುವ ಹುಡುಗಿಯರಲ್ಲಿ ಆತಂಕ ಮತ್ತು ಖಿನ್ನತೆಯ ಸಾಧ್ಯತೆ ಹೆಚ್ಚು ಎಂಬುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ತಡವಾಗಿ ಬೆಳೆಯುವ ಹುಡುಗನ ಸಂಕಟ ಬೇರೆ: ತಂಡದಲ್ಲಿ ಎಲ್ಲರಿಗಿಂತ ಕುಳ್ಳನಾಗಿ ಉಳಿದವನನ್ನು ಆಟಕ್ಕೆ ಕೊನೆಗೆ ಆರಿಸುತ್ತಾರೆ, ಅದು ಅವನಿಗೆ ಪ್ರತಿದಿನವೂ ತಿಳಿಯುತ್ತದೆ.

[ಚಿತ್ರ: ವಯಸ್ಸು ಮತ್ತು ವಾರ್ಷಿಕ ಬೆಳವಣಿಗೆಯ ನಕ್ಷೆ, ಹುಡುಗಿಯರಿಗೂ ಹುಡುಗರಿಗೂ ಒಂದೊಂದು ಗೆರೆ.]

ನಿರೂಪಣೆ:
ಬಾಲ್ಯದಲ್ಲಿ ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತಿದ್ದ ಮಗು, ಪ್ರಾಯಕ್ಕೆ ಬರುವಾಗ ಎತ್ತರ ಒಮ್ಮೆಲೇ ಏರುವ ಜಿಗಿತದ ಉತ್ತುಂಗದಲ್ಲಿ ವರ್ಷಕ್ಕೆ 8 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಬೆಳೆಯುತ್ತದೆ. ಹುಡುಗಿಯರಿಗೆ ಈ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಜಿಗಿತಕ್ಕೆ ಮುಂಚೆ ಅನೇಕ ಮಕ್ಕಳು ಸೊಂಟದ ಸುತ್ತ ಸ್ವಲ್ಪ ತುಂಬಿಕೊಳ್ಳುತ್ತಾರೆ. ಇದನ್ನು ಕಂಡ ಮನೆಯವರು ‘ದಪ್ಪಗಾಗಿದ್ದೀಯ’ ಎಂದು ತಮಾಷೆ ಮಾಡುವುದು ಎಷ್ಟು ಸಾಮಾನ್ಯವೋ ಅಷ್ಟೇ ಹಾನಿಕರ, ಏಕೆಂದರೆ ತೂಕದ ಬಗ್ಗೆ ಹಾಸ್ಯಕ್ಕೆ ಗುರಿಯಾದ ಮಕ್ಕಳಲ್ಲಿ ಊಟ ಬಿಡುವ, ಗುಟ್ಟಾಗಿ ತಿನ್ನುವ, ದೇಹವನ್ನೇ ದ್ವೇಷಿಸುವ ಅಭ್ಯಾಸಗಳು ಬೇರೂರಬಹುದು. ತೂಕದ ಬಗ್ಗೆ ನಿಜವಾದ ಅನುಮಾನವಿದ್ದರೆ ವೈದ್ಯರು ಬೆಳವಣಿಗೆಯ ನಕ್ಷೆಯಲ್ಲಿ ಕೆಲವು ವರ್ಷಗಳ ಗೆರೆಯನ್ನು ನೋಡಿ ನಿರ್ಧರಿಸಲಿ. ಮಗುವನ್ನು ನೆಂಟರೆದುರು ನಿಲ್ಲಿಸಿ ನಿರ್ಧರಿಸುವ ವಿಷಯ ಅದಲ್ಲ.

ಹುಡುಗರ ಬಗ್ಗೆ ಯಾರೂ ಹೇಳದ ಒಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಪ್ರಾಯಕ್ಕೆ ಬರುತ್ತಿರುವ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎದೆಯ ತೊಟ್ಟಿನ ಕೆಳಗೆ ಸಣ್ಣ, ಮುಟ್ಟಿದರೆ ನೋಯುವ ಗಂಟು ಕಾಣಿಸಿಕೊಳ್ಳಬಹುದು. ಹಾರ್ಮೋನುಗಳ ತಾತ್ಕಾಲಿಕ ಏರುಪೇರಿನಿಂದ ಬರುವ ಇದು ಹೆಚ್ಚಿನವರಲ್ಲಿ ಆರು ತಿಂಗಳಿನಿಂದ ಎರಡು ವರ್ಷದೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಅದು ತಿಳಿಯದ ಹುಡುಗ ಈಜಲು ಹೋಗುವುದನ್ನು ಬಿಡುತ್ತಾನೆ, ಗೂನು ಹಾಕಿ ನಡೆಯುತ್ತಾನೆ, ತನಗೇನೋ ದೊಡ್ಡ ರೋಗ ಬಂದಿದೆ ಎಂದು ರಾತ್ರಿಯೆಲ್ಲ ಯೋಚಿಸುತ್ತಾನೆ. ಎರಡು ವಾಕ್ಯಗಳ ವಿವರಣೆ ಸಿಕ್ಕಿದ್ದರೆ ತಪ್ಪಿಸಬಹುದಾಗಿದ್ದ ಸಂಕಟ ಇದು.

ಹುಡುಗಿಯರ ಮೊದಲ ಮುಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಸ್ತನಗಳ ಬೆಳವಣಿಗೆ ಆರಂಭವಾದ ಸುಮಾರು ಎರಡರಿಂದ ಎರಡೂವರೆ ವರ್ಷಗಳಲ್ಲಿ ಮುಟ್ಟು ಬರುವುದು ಸಾಮಾನ್ಯ. ಅಂದರೆ ಮಾತನಾಡಲು ನಮಗೆ ಸಾಕಷ್ಟು ಕಾಲಾವಕಾಶವಿದೆ, ಮುನ್ಸೂಚನೆಯೂ ಇದೆ. ರಕ್ತ ಎಲ್ಲಿಂದ ಬರುತ್ತದೆ, ಎಷ್ಟು ದಿನ ಇರುತ್ತದೆ, ಶಾಲೆಯಲ್ಲಿದ್ದಾಗ ಬಂದರೆ ಯಾರ ಬಳಿ ಹೋಗಬೇಕು, ಬ್ಯಾಗಿನಲ್ಲಿ ಪ್ಯಾಡ್ ಎಲ್ಲಿದೆ ಎಂಬ ಇಷ್ಟು ವಿಷಯ ಮೊದಲೇ ಗೊತ್ತಿರಬೇಕು. ಮೊದಲ ಒಂದೆರಡು ವರ್ಷ ಮುಟ್ಟಿನ ಚಕ್ರ 21ರಿಂದ 45 ದಿನಗಳ ನಡುವೆ ಹಿಂದುಮುಂದಾಗುವುದು ಸಹಜ. ಆದರೆ ಏಳು ದಿನಕ್ಕಿಂತ ಹೆಚ್ಚು ಸ್ರಾವವಿದ್ದರೆ, ಅಥವಾ ಒಂದೆರಡು ಗಂಟೆಗೊಮ್ಮೆ ಪ್ಯಾಡ್ ನೆನೆದುಹೋಗುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. ಹೀಗೆ ಹೆಚ್ಚು ರಕ್ತ ಹೋಗುತ್ತಿರುವ ಹುಡುಗಿಯಲ್ಲಿ ಕಬ್ಬಿಣಾಂಶ ಕುಸಿದಾಗ ಅದು ಆಯಾಸ, ಕಿರಿಕಿರಿ, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಎಂಬ ರೂಪದಲ್ಲಿ ಹೊರಬರುತ್ತದೆ, ಮತ್ತು ನಾವು ಅದನ್ನು ಸೋಮಾರಿತನವೆಂದು ಕರೆಯುತ್ತೇವೆ.

[ದೃಶ್ಯ: ಕತ್ತಲೆ ಕೋಣೆ, ಹೊದಿಕೆಯ ಕೆಳಗಿನಿಂದ ಫೋನಿನ ಬೆಳಕು.]

ನಿರೂಪಣೆ:
ಇನ್ನು ನಿದ್ರೆ. ಈ ವಯಸ್ಸಿನಲ್ಲಿ ಒಂದೇ ಒಂದು ವಿಷಯವನ್ನು ಸರಿಪಡಿಸಲು ಸಾಧ್ಯವಿದ್ದರೆ ನಾನು ಆರಿಸುವುದು ಇದನ್ನೇ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ಬೆಳಿಗ್ಗೆ ಆರಕ್ಕೆ ಏಳಬೇಕಾದ ಮಗು ರಾತ್ರಿ ಒಂಬತ್ತಕ್ಕೆಲ್ಲ ನಿದ್ರಿಸುತ್ತಿರಬೇಕು ಎಂದು ಇದರ ಅರ್ಥ. ಎಷ್ಟು ಮನೆಗಳಲ್ಲಿ ಹೀಗೆ ನಡೆಯುತ್ತದೆ ಎಂದು ನೀವೇ ಊಹಿಸಬಹುದು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ರೆಯಲ್ಲಿ. ಪ್ರಾಯವನ್ನು ಆರಂಭಿಸುವ ಹಾರ್ಮೋನುಗಳೂ ಮೊದಮೊದಲು ರಾತ್ರಿಯ ನಿದ್ರೆಯಲ್ಲೇ ಏರುತ್ತವೆ. ಜೊತೆಗೆ, ಪ್ರಾಯ ಮುಂದುವರಿದಂತೆ ನಿದ್ರೆಯ ಸೂಚನೆ ಕೊಡುವ ಮೆಲಟೋನಿನ್ ದೇಹದಲ್ಲಿ ತಡವಾಗಿ ಏರತೊಡಗುತ್ತದೆ. ಆದ್ದರಿಂದ ‘ನಿದ್ರೆ ಬರುತ್ತಿಲ್ಲ’ ಎಂದು ಮಗು ಹೇಳಿದರೆ ಅದು ನೆಪವೇ ಆಗಿರಬೇಕಾಗಿಲ್ಲ. ಆದರೆ ಆ ತಡಕ್ಕೆ ಪರದೆಯ ಬೆಳಕನ್ನೂ ಗೆಳೆಯರ ಸಂದೇಶಗಳನ್ನೂ ಸೇರಿಸದಿರುವುದು ನಮ್ಮ ಕೈಯಲ್ಲಿರುವ ವಿಷಯ. ಫೋನು ರಾತ್ರಿ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ. ದೊಡ್ಡವರ ಫೋನೂ ಅಲ್ಲೇ ಇದ್ದರೆ ಈ ನಿಯಮದ ಮೇಲೆ ಜಗಳ ಕಡಿಮೆ. ರಜೆಯ ದಿನಗಳಲ್ಲೂ ಏಳುವ ಸಮಯ ಒಂದು ಗಂಟೆಗಿಂತ ಹೆಚ್ಚು ಬದಲಾಗದಿರುವುದು ಒಳ್ಳೆಯದು. ಹೆಚ್ಚಿನ ರಾತ್ರಿಗಳಲ್ಲಿ ಜೋರಾಗಿ ಗೊರಕೆ ಹೊಡೆಯುವ ಮಗು ಎಷ್ಟು ಗಂಟೆ ಮಲಗಿದರೂ ದಣಿದೇ ಏಳಬಹುದು. ಅದಕ್ಕೆ ವೈದ್ಯರ ಪರೀಕ್ಷೆ ಅಗತ್ಯ.

ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆ ಉಪದೇಶ ಎಲ್ಲೆಡೆ ಸಿಗುತ್ತದೆ. ಮೂಳೆಗಳು ಅತಿ ವೇಗವಾಗಿ ಗಟ್ಟಿಯಾಗುವ ಕಾಲ ಇದಾದ್ದರಿಂದ ಅಮೆರಿಕದ ಪೌಷ್ಟಿಕಾಂಶ ಮಾರ್ಗಸೂಚಿ 9ರಿಂದ 18 ವರ್ಷದವರಿಗೆ ದಿನಕ್ಕೆ 1300 ಮಿಲಿಗ್ರಾಂ ಕ್ಯಾಲ್ಸಿಯಂ ಸೂಚಿಸುತ್ತದೆ. ಇದು ಮೂವತ್ತು ವರ್ಷದವರಿಗೆ ಬೇಕಾದುದಕ್ಕಿಂತ ಹೆಚ್ಚು. ವ್ಯಾಯಾಮದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತಹ ಚಟುವಟಿಕೆ ಬೇಕೆನ್ನುತ್ತದೆ. ಈ ಹಂತದಲ್ಲಿ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಆಟ ಬಿಟ್ಟರೆ ಆಸಕ್ತಿ ಹೋಯಿತೆಂದು ತೀರ್ಮಾನಿಸುವ ಮೊದಲು, ಅವಳಿಗೆ ಸರಿಯಾದ ಒಳ ಉಡುಪು ಇದೆಯೇ, ಬಟ್ಟೆಗೆ ಕಲೆಯಾಗುವ ಭಯವಿದೆಯೇ ಎಂದು ಕೇಳಿ ನೋಡಿ. ಸಂಜೆಯ ಹೊತ್ತು ಎರಡೂ ಕಾಲು ನೋಯುವುದು ಮಕ್ಕಳಲ್ಲಿ ಸಾಮಾನ್ಯ. ಒಂದೇ ಕಾಲು ನೋಯುತ್ತಿದ್ದರೆ, ಮಗು ಕುಂಟುತ್ತಿದ್ದರೆ, ಜ್ವರ ಅಥವಾ ಊತ ಇದ್ದರೆ ಕಾಯಬಾರದು.

[ದೃಶ್ಯ: ತಂದೆ ಮತ್ತು ಮಗ ಅಕ್ಕಪಕ್ಕದಲ್ಲಿ ನಡೆಯುತ್ತಿದ್ದಾರೆ. ಮುಖ ಕಾಣುವುದಿಲ್ಲ.]

ನಿರೂಪಣೆ:
ಈಗ ಹೊಟ್ಟೆನೋವಿಗೆ ಮರಳೋಣ. ಮತ್ತೆ ಮತ್ತೆ ಹೊಟ್ಟೆನೋವು, ತಲೆನೋವು ಎನ್ನುವ ಮಗುವನ್ನು ಮೊದಲು ವೈದ್ಯರಿಗೆ ತೋರಿಸಬೇಕು. ತೂಕ ಇಳಿಯುವುದು, ಮಲದಲ್ಲಿ ರಕ್ತ, ನೋವಿನಿಂದ ರಾತ್ರಿ ಎಚ್ಚರವಾಗುವುದು ಇದ್ದರೆ ತಡಮಾಡಬಾರದು. ಅಂಥದ್ದೇನೂ ಇಲ್ಲವೆಂದಾದ ಮೇಲೆ ನೋವು ಬರುವ ದಿನಗಳನ್ನು ಬರೆದಿಡಿ. ರಜೆಯಲ್ಲಿ ಇಲ್ಲದ ನೋವು ಶಾಲೆ ತೆರೆಯುವ ಹಿಂದಿನ ರಾತ್ರಿ ಶುರುವಾಗುತ್ತಿದ್ದರೆ ಅದು ಆತಂಕವಾಗಿರಬಹುದು. ಆದರೂ ಆ ನೋವು ಸುಳ್ಳಲ್ಲ. ಆತಂಕದಲ್ಲಿ ಕರುಳಿನ ಚಲನೆ ಮತ್ತು ಸಂವೇದನೆ ನಿಜವಾಗಿಯೂ ಬದಲಾಗುತ್ತವೆ, ಮಗುವಿಗೆ ನಿಜವಾಗಿಯೂ ನೋಯುತ್ತದೆ. ‘ನಾಟಕ ಮಾಡಬೇಡ’ ಎಂಬ ಮಾತು ಅಲ್ಲಿ ಬಾಗಿಲು ಮುಚ್ಚಿಬಿಡುತ್ತದೆ. ‘ನೋವು ಇದೆ ಅಂತ ಗೊತ್ತು. ನಾಳೆ ಶಾಲೆಯಲ್ಲಿ ಯಾವ ಹೊತ್ತು ನೆನೆಸಿಕೊಂಡರೆ ಜಾಸ್ತಿಯಾಗುತ್ತದೆ?’ ಎಂದು ಕೇಳಿದರೆ ಒಂದು ಪಿರಿಯಡ್ಡೋ, ಬಸ್ಸಿನ ಕೊನೆಯ ಸೀಟೋ, ಒಬ್ಬ ಸಹಪಾಠಿಯ ಹೆಸರೋ ಹೊರಬರಬಹುದು.

ಎದುರು ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೇಳುವ ಪ್ರಶ್ನೆಗೆ ಈ ವಯಸ್ಸಿನವರು ‘ಏನಿಲ್ಲ’ ಎನ್ನುವುದೇ ಹೆಚ್ಚು. ನಡೆಯುವಾಗ, ಬಟ್ಟೆ ಮಡಚುವಾಗ, ಪ್ರಯಾಣದಲ್ಲಿ ಅಕ್ಕಪಕ್ಕ ಕೂತಾಗ ಮಾತು ಸುಲಭ. ಭಾವನೆಗೆ ಹೆಸರಿಡಲು ಸಹಾಯ ಮಾಡುವುದೂ ಉಪಯುಕ್ತ: ಸಿಟ್ಟು ಎಂದು ಕಾಣುವುದು ಅವಮಾನವೋ, ಹೊಟ್ಟೆಕಿಚ್ಚೋ, ಗುಂಪಿನಿಂದ ಹೊರಗುಳಿದ ನೋವೋ ಆಗಿರಬಹುದು. ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಭಾವನೆಯನ್ನು ಪದದಲ್ಲಿ ಗುರುತಿಸಿದಾಗ ಭಯಕ್ಕೆ ಸ್ಪಂದಿಸುವ ಅಮಿಗ್ಡಲದ ಚಟುವಟಿಕೆ ತಗ್ಗಿದ್ದು ಕಂಡುಬಂತು. ಆ ಅಧ್ಯಯನ ವಯಸ್ಕರ ಮೇಲೆ ನಡೆದದ್ದು; ಆದರೂ ಹಣೆಯ ಹಿಂದಿನ ಮೆದುಳಿನ ಭಾಗ, ಅಂದರೆ ಆವೇಗವನ್ನು ತಡೆದು ಯೋಚಿಸುವ ಭಾಗ, ಇಪ್ಪತ್ತರ ಮಧ್ಯದವರೆಗೂ ಬಲಿಯುತ್ತಲೇ ಇರುವುದರಿಂದ ಮಕ್ಕಳಿಗೆ ಹೊರಗಿನಿಂದ ಈ ನೆರವು ಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

[ಪರದೆಯ ಮೇಲೆ ಬರಹ: ಎರಡು ವಾರ]

ನಿರೂಪಣೆ:
ಆದರೆ ಎಲ್ಲವನ್ನೂ ‘ವಯಸ್ಸಿನ ಆಟ’ ಎಂದು ತಳ್ಳಿಹಾಕುವುದು ಅಪಾಯ. 192 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾನಸಿಕ ಕಾಯಿಲೆಗೆ ಒಳಗಾದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಅದು 14 ವರ್ಷಕ್ಕೆ ಮುಂಚೆಯೇ ಶುರುವಾಗಿರುತ್ತದೆ. ಮಕ್ಕಳಲ್ಲಿ ಖಿನ್ನತೆ ದುಃಖಕ್ಕಿಂತ ಹೆಚ್ಚಾಗಿ ಸಿಡುಕಾಗಿ ಕಾಣಬಹುದು ಎಂಬುದು ಇದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ. ಒಂದು ಸಂಜೆಯ ಮುನಿಸು ಕಾಯಿಲೆಯಲ್ಲ. ಇಷ್ಟದ ಆಟವನ್ನೇ ಬಿಟ್ಟಿರುವುದು, ನಿದ್ರೆ ಅಥವಾ ಹಸಿವು ಕೆಟ್ಟಿರುವುದು, ಗೆಳೆಯರಿಂದ ದೂರವಾಗಿರುವುದು, ‘ನನ್ನಿಂದ ಏನೂ ಆಗುವುದಿಲ್ಲ’ ಎಂಬ ಮಾತು ಎರಡು ವಾರ ದಾಟಿದರೂ ಮುಂದುವರಿದಿದ್ದರೆ ತಜ್ಞರನ್ನು ಕಾಣಬೇಕು. ಸಾಯುವ ಅಥವಾ ತನಗೆ ತಾನೇ ಗಾಯ ಮಾಡಿಕೊಳ್ಳುವ ಮಾತು ಬಂದರೆ ಎರಡು ವಾರ ಕಾಯುವಂತಿಲ್ಲ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಅನೇಕರಿಗಿದೆ. ಅಧ್ಯಯನಗಳು ಆ ಭಯವನ್ನು ಸಮರ್ಥಿಸುವುದಿಲ್ಲ. ಕೇಳಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕ, ಚೂಪಾದ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ, ಅದೇ ದಿನ ತುರ್ತು ನೆರವು ಪಡೆಯಿರಿ.

ಕಾಯಿಲೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ವೈದ್ಯರ ಭೇಟಿ ಇರಲಿ. ಎತ್ತರ, ತೂಕ, ಬೆನ್ನುಮೂಳೆ, ದೃಷ್ಟಿ, ಹಲ್ಲುಗಳ ಪರೀಕ್ಷೆಯ ಜೊತೆಗೆ ಲಸಿಕೆಗಳ ವಿಚಾರವನ್ನೂ ಕೇಳಿ. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮುಖ್ಯವಾಗಿ 9ರಿಂದ 14 ವರ್ಷದ ಹುಡುಗಿಯರಿಗೆ ಶಿಫಾರಸು ಮಾಡುತ್ತದೆ. ಹನ್ನೊಂದು ಹನ್ನೆರಡರ ವೇಳೆಗೆ, ಮಗುವಿಗೆ ಒಪ್ಪಿಗೆಯಿದ್ದರೆ, ಭೇಟಿಯ ಕೆಲವು ನಿಮಿಷ ತಂದೆತಾಯಿ ಹೊರಗೆ ಕೂತು ಮಗುವೇ ವೈದ್ಯರೊಡನೆ ಮಾತನಾಡಲಿ. ಹೀಗೆ ಮಾಡುತ್ತೇವೆಂದು ಮನೆಯಲ್ಲೇ ಎರಡು ದಿನ ಮುಂಚಿತವಾಗಿ ತಿಳಿಸಿದ್ದರೆ, ನಮ್ಮ ಬಳಿ ಕೇಳಲಾಗದ ಪ್ರಶ್ನೆಯನ್ನು ಮಗು ಸಿದ್ಧಮಾಡಿಕೊಂಡು ಹೋಗುತ್ತದೆ.