ಸಿಂಕ್ ನೆಚ್ಚಿಕೊಳ್ಳದೆ ಕ್ಯಾಲೆಂಡರನ್ನು ಫೈಲಾಗಿ ಒಯ್ಯಿರಿ

ನಮಸ್ಕಾರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಕಾರಣಕ್ಕೆ ಕಂಪ್ಯೂಟರ್ ಬದಲಿಸಿದವರು, ಬದಲಿಸಬೇಕೆಂದಿರುವವರು ನಮ್ಮ ನಡುವೆ ಅನೇಕರಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಾಗಲಿ, ಮನೆಯಲ್ಲಾಗಲಿ, ಡೇಟಾ ಟ್ರಾನ್ಸ್‌ಫರ್ ಎಂದಾಗ ಫೋಟೊ, ವಿಡಿಯೊ, ಡಾಕ್ಯುಮೆಂಟ್ಸ್ ಫೋಲ್ಡರ್ ಮತ್ತು ಡೆಸ್ಕ್‌ಟಾಪ್ ಮೇಲಿರುವುದೆಲ್ಲ ಹೊಸ ಯಂತ್ರಕ್ಕೆ ಬರುತ್ತದೆ. ಕ್ಯಾಲೆಂಡರನ್ನು ಮಾತ್ರ ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದೇ ಇಲ್ಲ. ವಿಂಡೋಸ್‌ನಲ್ಲಿ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಬಳಸುವವರ ಕ್ಯಾಲೆಂಡರ್ ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನ ಆಳದಲ್ಲೆಲ್ಲೋ ಒಂದು ಡೇಟಾಬೇಸ್ ಆಗಿ ಕುಳಿತಿರುತ್ತದೆ. ಕಾಪಿ ಮಾಡುವವರ ಕೈ ಅಲ್ಲಿಯವರೆಗೆ ಹೋಗುವುದಿಲ್ಲ.

ಇದಕ್ಕೆ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ಎಲ್ಲವೂ ಗೂಗಲ್‌ನಲ್ಲಿದೆ, ಲಾಗಿನ್ ಆದರೆ ತಾನಾಗಿ ಬರುತ್ತದೆ. ಆ ಖಾತೆಯಲ್ಲಿ ಬರೆದಿದ್ದು ಬರುತ್ತದೆ, ನಿಜ. ಆದರೆ ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶವಾದ ಔಟ್‌ಲುಕ್ ಕಂಪ್ಯೂಟರಿನಲ್ಲೇ ಇಡುವ ಪಿಎಸ್‌ಟಿ ಫೈಲಿನಲ್ಲಿ ಇದ್ದದ್ದು, ಮ್ಯಾಕ್‌ನಲ್ಲಿ ‘ಆನ್ ಮೈ ಮ್ಯಾಕ್’ ಎಂಬ ಶೀರ್ಷಿಕೆಯ ಕೆಳಗೆ ಇದ್ದದ್ದು ಹಳೆಯ ಯಂತ್ರದೊಂದಿಗೇ ಉಳಿಯುತ್ತದೆ. ಇನ್ನು ಈ ಊರಿನಲ್ಲಿ ಕಚೇರಿಯ ಖಾತೆಯಲ್ಲೇ ಮಗುವಿನ ಲಸಿಕೆ, ಶಾಲೆಯ ಫೀಸು, ಅಮ್ಮನ ಕಣ್ಣಿನ ತಪಾಸಣೆ ಎಲ್ಲವನ್ನೂ ಗುರುತು ಹಾಕಿಕೊಳ್ಳುವವರು ಎಷ್ಟು ಮಂದಿ! ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚುತ್ತದೆ. ಕಂಪನಿಯ ಮೀಟಿಂಗುಗಳನ್ನು ಹೊತ್ತು ತರುವ ಹಕ್ಕು ನಮಗಿಲ್ಲ, ತರಬಾರದು ಕೂಡ. ಸ್ವಂತದ್ದನ್ನು ಮೊದಲಿನಿಂದಲೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಇಷ್ಟಲ್ಲದೆ, ಸಿಂಕ್ ಎಂಬುದು ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಅದನ್ನು ಬ್ಯಾಕಪ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಕ್ಯಾಲೆಂಡರನ್ನು ಐಸಿಎಸ್ ಫೈಲ್ ಆಗಿ, ಅಂದರೆ ನಮೂದುಗಳನ್ನು ಸಾದಾ ಪಠ್ಯವಾಗಿ ಬರೆದಿಡುವ ಕಡತವಾಗಿ ಹೊರತೆಗೆದು, ಪೆನ್‌ಡ್ರೈವ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇಟ್ಟುಕೊಂಡು, ಹೊಸ ಕಂಪ್ಯೂಟರಿಗೆ ಇಂಪೋರ್ಟ್ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ಮಾದರಿಗೆ 1998ರಲ್ಲಿ ಮಾನದಂಡ ರೂಪುಗೊಂಡಿತು, 2009ರಲ್ಲಿ ಪರಿಷ್ಕರಣೆಯಾಯಿತು. ಗೂಗಲ್, ಆ್ಯಪಲ್, ಔಟ್‌ಲುಕ್, ಥಂಡರ್‌ಬರ್ಡ್ ಎಲ್ಲವೂ ಇದನ್ನು ಓದುತ್ತವೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನಮಗೂ ಓದಲು ಬರುತ್ತದೆ. ನಿಮ್ಮ ಬಡಾವಣೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ ಎಂದುಕೊಳ್ಳಿ. ಮೋಟರ್ ಹಾಕಲು ನೀವು ಇಟ್ಟ ನೆನಪೋಲೆ ಆ ಫೈಲಿನಲ್ಲಿ ನೂರಾರು ಸಾಲುಗಳಾಗಿ ಇರುವುದಿಲ್ಲ. ಆರಂಭದ ದಿನ ಒಂದು ಸಾಲು, ‘ಆರ್‌ರೂಲ್’ ಎಂದು ಶುರುವಾಗಿ ‘ಡೈಲಿ, ಇಂಟರ್ವಲ್ 2’ ಎಂಬ ಅರ್ಥ ಕೊಡುವ ಇನ್ನೊಂದು ಸಾಲು, ಅಷ್ಟರಲ್ಲಿ ಮುಗಿಯಿತು. ನೀವು ಸಾಗಿಸಬೇಕಾಗಿರುವುದು ಈ ನಿಯಮವನ್ನೇ. ಔಟ್‌ಲುಕ್‌ನಿಂದ ಸಿಎಸ್‌ವಿ ಆಗಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಕೋಷ್ಟಕವಾಗಿ ಹೊರತೆಗೆದರೆ ಈ ನಿಯಮ ಕರಗಿಹೋಗುತ್ತದೆ: ನೀವು ಹೇಳಿದ ಎರಡು ದಿನಾಂಕಗಳ ನಡುವಿನ ಬಿಡಿಬಿಡಿ ದಿನಗಳಷ್ಟೇ ಬರುತ್ತವೆ, ಆಮೇಲೆ ಕ್ಯಾಲೆಂಡರ್ ಖಾಲಿ. ಎಕ್ಸೆಲ್‌ನಲ್ಲಿ ತೆರೆಯಬಹುದೆಂಬ ಒಂದೇ ಕಾರಣಕ್ಕೆ ಸಿಎಸ್‌ವಿ ಆರಿಸಿಕೊಳ್ಳುವವರಿಗೆ ಇದು ತಿಂಗಳುಗಳ ನಂತರವೇ ಗೊತ್ತಾಗುವುದು.

ಸಮಯದ ತೊಂದರೆ ಇನ್ನೂ ಸೂಕ್ಷ್ಮವಾದುದು. ಹುಟ್ಟುಹಬ್ಬದಂತಹ ಇಡೀ ದಿನದ ನಮೂದಿಗೆ ಐಸಿಎಸ್‌ನಲ್ಲಿ ಬರೀ ದಿನಾಂಕ ಇರಬೇಕು, ಗಂಟೆ ಇರಬಾರದು. ಯಾವುದೋ ತಂತ್ರಾಂಶ ಅದನ್ನು ಅಂತರರಾಷ್ಟ್ರೀಯ ಸಮಯದ ಮಧ್ಯರಾತ್ರಿ ಎಂದು ಬರೆದುಬಿಟ್ಟರೆ, ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿರುವುದರಿಂದ, ಬೆಂಗಳೂರಿನಲ್ಲಿ ಆ ಹುಟ್ಟುಹಬ್ಬ ಬೆಳಿಗ್ಗೆ 5.30ಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ 5.30ಕ್ಕೆ ಮುಗಿಯುತ್ತದೆ. ಹೊಸ ಕ್ಯಾಲೆಂಡರಿನಲ್ಲಿ ಎಲ್ಲಾದರೂ 5.30 ಎಂಬ ಅಸಹಜ ಸಮಯ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಕನ್ನಡದಲ್ಲಿ ಬರೆದುಕೊಳ್ಳುವವರಿಗೆ ಒಂದು ಮಾತು. ಈ ಮಾದರಿಯಲ್ಲಿ ಒಂದು ಸಾಲು 75 ಬೈಟ್ ಮೀರಬಾರದೆಂಬ ಸಲಹೆಯಿದೆ; ಮೀರಿದರೆ ಮುಂದಿನ ಸಾಲಿಗೆ ಮಡಚಬೇಕು. ಇಂಗ್ಲಿಷ್ ಅಕ್ಷರ ಒಂದು ಬೈಟ್, ನಮ್ಮದು ಮೂರು. ‘ಶ್ರಾದ್ಧ’ ಎಂಬ ಪುಟ್ಟ ಪದವೇ, ಒತ್ತು ಮತ್ತು ದೀರ್ಘದ ಸಂಕೇತಗಳೂ ಸೇರಿ, 21 ಬೈಟ್ ನುಂಗುತ್ತದೆ. ಬೇಕಾಬಿಟ್ಟಿ ಬರೆದ ತಂತ್ರಾಂಶ ಅಕ್ಷರದ ನಡುವೆಯೇ ಮಡಚಿ, ಓದುವ ತಂತ್ರಾಂಶ ಅದನ್ನು ಸರಿಯಾಗಿ ಜೋಡಿಸದೆ ಹೋದರೆ ಪ್ರಶ್ನಾರ್ಥಕ ಚಿಹ್ನೆಯ ಚೌಕಗಳು ಕಾಣಿಸುತ್ತವೆ. ಶ್ರಾದ್ಧದ ಮಾತು ಬಂತೆಂದು ಹೇಳುತ್ತೇನೆ: ತಿಥಿಯ ಪ್ರಕಾರ ಮರುಕಳಿಸುವ ದಿನಗಳಿಗೆ ನಾವು ದಿನನಿತ್ಯ ಬಳಸುವ ಕ್ಯಾಲೆಂಡರುಗಳಲ್ಲಿ ನಿಯಮವೇ ಇಲ್ಲ. ಪ್ರತಿ ವರ್ಷ ಪಂಚಾಂಗ ನೋಡಿ ಕೈಯಾರೆ ಹಾಕಿದ ನಮೂದುಗಳು ಅವು, ಕಳೆದರೆ ಮತ್ತೆ ಪಂಚಾಂಗ ಹಿಡಿದು ಕೂರಬೇಕು.

ಗೂಗಲ್‌ನಲ್ಲಿ ಎಕ್ಸ್‌ಪೋರ್ಟ್ ಆಯ್ಕೆ ಮೊಬೈಲ್ ಆ್ಯಪಿನಲ್ಲಿ ಸಿಗುವುದಿಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಬೇಕು, ಅಲ್ಲಿ ಎಲ್ಲ ಕ್ಯಾಲೆಂಡರುಗಳೂ ಒಂದು ಜಿಪ್ ಫೈಲಾಗಿ ಇಳಿಯುತ್ತವೆ. ಎಲ್ಲ ಕ್ಯಾಲೆಂಡರುಗಳನ್ನೂ ಒಟ್ಟಾಗಿ ಉಳಿಸುವ ಮ್ಯಾಕ್‌ನ ‘ಕ್ಯಾಲೆಂಡರ್ ಆರ್ಕೈವ್’ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಅದನ್ನು ಇಂಪೋರ್ಟ್ ಮಾಡಿದಾಗ ಅಲ್ಲಿ ಈಗಾಗಲೇ ಇರುವುದೆಲ್ಲ ಹೋಗಿ ಆರ್ಕೈವ್‌ನಲ್ಲಿರುವುದು ಬಂದು ಕೂರುತ್ತದೆ. ಯಾವ ತಂತ್ರಾಂಶವಾದರೂ ಸರಿ, ಮೊದಲು ‘ಪರೀಕ್ಷೆ’ ಎಂಬ ಹೆಸರಿನ ಖಾಲಿ ಕ್ಯಾಲೆಂಡರ್ ಸೃಷ್ಟಿಸಿ ಅದಕ್ಕೇ ಇಂಪೋರ್ಟ್ ಮಾಡಿ. ಕೆಟ್ಟರೆ ಆ ಒಂದನ್ನು ಅಳಿಸಿದರಾಯಿತು. ನೇರವಾಗಿ ಮುಖ್ಯ ಕ್ಯಾಲೆಂಡರಿಗೆ ಸುರಿದು, ಎಲ್ಲವೂ ಎರಡೆರಡು ಕಾಣಿಸಿದಾಗ ಒಂದೊಂದಾಗಿ ಹೆಕ್ಕುವ ಕೆಲಸ ಶತ್ರುವಿಗೂ ಬೇಡ.

ಬಣ್ಣಗಳು ಸಾಮಾನ್ಯವಾಗಿ ಬರುವುದಿಲ್ಲ, ಗೂಗಲ್‌ಗೆ ಇಂಪೋರ್ಟ್ ಮಾಡಿದಾಗ ಆಹ್ವಾನಿತರ ಪಟ್ಟಿಯೂ ಬರುವುದಿಲ್ಲ, ಯಾರೊಂದಿಗೆ ಹಂಚಿಕೊಂಡಿದ್ದಿರೋ ಅವರಿಗೆ ಹೊಸದಾಗಿ ಹಂಚಬೇಕು. ಬಂದದ್ದು ಸರಿಯಿದೆಯೇ ಎಂದು ತಿಳಿಯಲು ಒಂದು ಹುಟ್ಟುಹಬ್ಬ, ದಿನ ಬಿಟ್ಟು ದಿನದಂತಹ ಒಂದು ಮರುಕಳಿಕೆ, ಮುಂದಿನ ಏಪ್ರಿಲ್‌ನ ಆಸ್ತಿ ತೆರಿಗೆಯಂತಹ ದೂರದ ಒಂದು ದಿನಾಂಕ, ಇವನ್ನು ಎರಡೂ ಪರದೆಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಹೊಂದಿದ ಮೇಲೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಅಡ್ಡಿಯಿಲ್ಲ; ಐಸಿಎಸ್ ಫೈಲಿನ ಪ್ರತಿ ಮಾತ್ರ ಅಳಿಸಬೇಡಿ, ಅದು ನಿಮ್ಮ ಒಂದು ಫೋಟೊಗಿಂತಲೂ ಕಡಿಮೆ ಜಾಗ ತೆಗೆದುಕೊಳ್ಳುವ ಸಾಧ್ಯತೆಯೇ ಹೆಚ್ಚು.